ಬಿಟ್ಟುಬಿಡಬೇಕಾದವುಗಳ ಪಟ್ಟಿ

ಹಳೆಯ ಕಂಪ್ಯೂಟರ್ ಒಂದು ಮಧ್ಯಾಹ್ನ ಸುಮ್ಮನೆ ಆರಿಹೋಯಿತು. ಮುಲುಂಡ್ ಸ್ಟೇಷನ್ ಹತ್ತಿರದ ರಿಪೇರಿಯವನು, "ಆಂಟೀ, ಇಸ್‌ಮೆ ಅಬ್ ಕುಛ್ ನಹೀ ಬಚಾ," ಎಂದ; ಒಳಗಿದ್ದದ್ದು ಏನೂ ಉಳಿದಿಲ್ಲವಂತೆ. ಅದರ ಮುಚ್ಚಳ ಹಾಕಿಕೊಟ್ಟ. ನಾನು ಹೆದರಲಿಲ್ಲ. ಪ್ರತಿ ಭಾನುವಾರ ಅದರಲ್ಲಿದ್ದದ್ದೆಲ್ಲ ಒಂದು ಪುಟ್ಟ ಹಾರ್ಡ್ ಡಿಸ್ಕಿಗೆ ನಕಲಾಗುತ್ತಿತ್ತು. ಆ ಬ್ಯಾಕಪ್ ಪ್ರೋಗ್ರಾಂ ಹಾಕಿಕೊಟ್ಟವರು ನಮ್ಮ ಯಜಮಾನರು. ನಕಲು ಮುಗಿದಾಗ ಒಂದು ಹಸಿರು ಟಿಕ್ ಬರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಹಾಕುತ್ತಿದ್ದ ಟಿಕ್ಕನ್ನು ನಂಬಿದ ಹಾಗೆಯೇ ಅದನ್ನೂ ನಂಬಿದ್ದೆ.

ಆ ಡಿಸ್ಕಿನಲ್ಲಿ ನನ್ನದೂ ಒಂದು ಫೋಲ್ಡರ್ ಇರಬೇಕಿತ್ತು. ಎಷ್ಟೋ ವರ್ಷ ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಕೆಲಸಕ್ಕೆ ಓಡಾಡಿದವಳು ನಾನು. ರಿಟೈರ್ ಆದ ಮೇಲೆ ಆ ಹೆಂಗಸರ ಬಗ್ಗೆ, ಒಬ್ಬೊಬ್ಬರಿಗೆ ಒಂದೆರಡು ಪುಟದಂತೆ, ಟೈಪ್ ಮಾಡುತ್ತ ಬಂದಿದ್ದೆ. ಮಡಿಲಲ್ಲಿ ಪೇಪರ್ ಹಾಸಿ ಬಟಾಣಿ ಸುಲಿಯುತ್ತಿದ್ದವಳು, ಮಗಳ ಮದುವೆ ಮುರಿದ ದಿನವೂ ಎಲ್ಲರಿಗೂ ಪೇಢೆ ಹಂಚಿದವಳು. ಯಾರಿಗೂ ತೋರಿಸಿರಲಿಲ್ಲ. ಬೇರೆ ಪ್ರತಿಯೂ ಇರಲಿಲ್ಲ.

ವಡಾಲದಲ್ಲಿರುವ ತಂಗಿಯ ಮಗಳು ತನ್ನ ಲ್ಯಾಪ್‌ಟಾಪ್ ಕೊಟ್ಟಳು. ಅದು ಬೇರೆಯೇ ಸಿಸ್ಟಮ್. ಮುಚ್ಚುವ ಬಟನ್ ಬಲಗಡೆ ಹುಡುಕಿದರೆ ಅದು ಎಡಗಡೆ ಕೂತಿದೆ. ಅದೇ ಬ್ಯಾಕಪ್ ಪ್ರೋಗ್ರಾಂ ಇದಕ್ಕೂ ಸಿಗುತ್ತಿತ್ತು, ಹಾಕಿಕೊಂಡೆ. ಡಿಸ್ಕ್ ಸಿಕ್ಕಿಸಿದರೆ, ಓದಲು ಪರ್ಮಿಷನ್ ಇಲ್ಲ ಎಂದಿತು. ನನ್ನ ಡಿಸ್ಕ್ ಓದಲು ನನಗೇ ಪರ್ಮಿಷನ್ ಇಲ್ಲ! ಸೆಟ್ಟಿಂಗ್ಸ್‌ನಲ್ಲಿ ತಡಕಾಡಿ, ಕೊನೆಗೆ ಯಾವುದೋ ಮೂಲೆಯ ಸ್ವಿಚ್ ಒಂದನ್ನು ಸರಿಸಿ, ರಿಸ್ಟೋರ್ ಒತ್ತಿದೆ. ನಮ್ಮ ಹೌಸಿಂಗ್ ಸೊಸೈಟಿ ಮೀಟಿಂಗಿನ ಮಿನಿಟ್ಸ್ ಬಂದವು. ಯಜಮಾನರು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಹತ್ತಿರ ತೆಗೆದ ಫ್ಲೆಮಿಂಗೊ ಹಕ್ಕಿಗಳ ಸಾವಿರಾರು ಫೋಟೋ ಬಂದವು. ನನ್ನ ಫೋಲ್ಡರ್ ಬರಲಿಲ್ಲ.

ಮೂರು ದಿನ ಹೊಸ ಸಿಸ್ಟಮ್ಮನ್ನೇ ಬೈದೆ. ಹಿಡನ್ ಫೈಲ್‌ಗಳನ್ನು ತೆರೆದು ನೋಡಿದೆ, ಪ್ರೋಗ್ರಾಂ ಅಳಿಸಿ ಮತ್ತೆ ಹಾಕಿದೆ. ಕೊನೆಗೆ ತಂಗಿಯ ಮಗಳಿಗೆ ಫೋನ್ ಮಾಡಿದೆ.

"ದೊಡ್ಡಮ್ಮ, ಡಿಸ್ಕಲ್ಲಿ ಲಾಗ್ ಇರತ್ತೆ, ನೋಡಿದ್ರಾ? ಉಸ್‌ಮೆ ಸಬ್ ಲಿಖಾ ಹೋತಾ ಹೈ. ಏನ್ ಕಾಪಿ ಆಯ್ತು, ಏನ್ ಆಗ್ಲಿಲ್ಲ, ಎಲ್ಲಾ."

ಲಾಗ್ ತೆರೆದೆ. ಪ್ರತಿ ಭಾನುವಾರದ ಕೆಳಗೂ ಒಂದೇ ಸಾಲು: ಎಕ್ಸ್‌ಕ್ಲೂಡೆಡ್. ಅದರ ಮುಂದೆ ನನ್ನ ಫೋಲ್ಡರಿನ ಹೆಸರು. ಬಿಟ್ಟುಬಿಡಬೇಕಾದವುಗಳ ಪಟ್ಟಿಯಲ್ಲಿ ಇದ್ದದ್ದು ಅದೊಂದೇ. ಆ ಪಟ್ಟಿ ಇರುವ ಸ್ಕ್ರೀನನ್ನು ನಾನು ಜನ್ಮದಲ್ಲಿ ತೆರೆದವಳಲ್ಲ.

ಯಜಮಾನರು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದರು.

"ರೀ, ನನ್ನ ಫೋಲ್ಡರ್ ಎಕ್ಸ್‌ಕ್ಲೂಡ್ ಮಾಡಿದ್ದು ನೀವಾ?"

"ಯಾವಾಗ್ಲೋ ಡಿಸ್ಕ್ ಫುಲ್ ಅಂತಿತ್ತು ಕಣೇ. ಏನಾದ್ರೂ ತೆಗೀಬೇಕಾಗಿತ್ತು."

"ಬರೀ ಅಕ್ಷರ ರೀ ಅದು. ಎಲ್ಲಾ ಸೇರಿದ್ರೂ ನಿಮ್ಮ ಒಂದು ಫ್ಲೆಮಿಂಗೊದಷ್ಟು ಜಾಗ ಹಿಡೀತಿರಲಿಲ್ಲ."

ಈಗ ಪೇಪರ್ ಕೆಳಗಿಳಿಯಿತು. "ಅದ್ರಲ್ಲಿ ಏನಿತ್ತು ಅಂತ ನಂಗೇನು ಗೊತ್ತು? ನೀನು ಹೇಳಿದ್ಯಾ?"

"ನೀವು ಕೇಳಿದ್ರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನೇ ಬರೆದದ್ದು ತಾನೆ? ಇನ್ನೊಂದ್ಸಲ ಬರೆದ್ರಾಯ್ತು."

ಕೇಡು ಬಯಸಿ ಮಾಡಿದ್ದಲ್ಲ, ಅದು ನನಗೂ ಗೊತ್ತು. ಕೇಡು ಬಯಸಿದ್ದರೆ ಒಮ್ಮೆ ತೆರೆದಾದರೂ ನೋಡಿರುತ್ತಿದ್ದರು.

ಮತ್ತೆ ಬರೆಯಲು ಕೂತೆ. ಆ ಹೆಂಗಸರ ಮುಖಗಳು ಬಂದವು, ಸೀರೆಯ ಬಣ್ಣಗಳೂ ಬಂದವು. ಅವರ ಮಾತು ಬರಲಿಲ್ಲ. ಅರ್ಧ ಮರಾಠಿ, ಅರ್ಧ ಗುಜರಾತಿಯಲ್ಲಿ ಅವರು ಆಡಿದ್ದನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟಿದ್ದೆ. ಈಗ ಎಲ್ಲರೂ ನನ್ನ ಹಾಗೆಯೇ ಮಾತಾಡುತ್ತಿದ್ದರು. ಒಂದೂವರೆ ಪುಟವಾಯಿತು. ಸ್ಟೇಷನ್ ರೋಡಿನಲ್ಲಿ ತಂದ ಪೆನ್‌ಡ್ರೈವ್‌ಗೆ ಅದನ್ನು ಹಾಕುತ್ತಿರುವಾಗ ಯಜಮಾನರು ಹಿಂದೆ ಬಂದು ನಿಂತರು.

"ಡಿಸ್ಕಿಗೇ ಹಾಕೇ. ನಾನು ಜಾಗ ಮಾಡಿಕೊಡ್ತೀನಿ."

"ಪರವಾಗಿಲ್ಲ, ಥ್ಯಾಂಕ್ಸ್," ಎಂದೆ, ಟ್ರೇನಿನಲ್ಲಿ ಯಾರೋ ಸೀಟು ಬಿಟ್ಟುಕೊಡಲು ಬಂದಾಗ ಹೇಳುವ ಹಾಗೆ.