ಎರಡು ಡಿಗ್ರಿಯ ಮೈಕಣ್ಣ

ಭಾಷಣ ಯಾರದೇ ಇರಲಿ, ಮೊದಲ ಚಪ್ಪಾಳೆ ಮಾತ್ರ ಸಭಾಂಗಣದ ಮೈಕು, ಏಸಿ ಎರಡನ್ನೂ ನೋಡಿಕೊಳ್ಳುವ ಮೈಕಣ್ಣನದೇ. ‘ಸಮಾಜ ಬದಲಾಗಬೇಕು’ ಎಂದರೆ ಸಾಕು, ಕುರ್ಚಿಯಿಂದ ಚಂಗನೆ ಎದ್ದು, “ಹಾಗ್ ಹೇಳಿ ಮತ್ತೆ!” ಎಂದು ತೊಡೆ ತಟ್ಟುತ್ತಾನೆ. ‘ಮುಂದಿನ ಪೀಳಿಗೆ’ ಎಂಬ ಮಾತು ಬಂತೋ, ಧ್ವನಿಯ ಗುಂಡಿ ತಿರುಗಿಸಿಯೇಬಿಡುತ್ತಾನೆ. ಗುಬ್ಬಿಗಂಟಲಿನ ಪ್ರೊಫೆಸರರೂ ಗುಡುಗುತ್ತಾರೆ. ‘ಭೂಮಿ ಎರಡು ಡಿಗ್ರಿ ಬಿಸಿಯಾದರೆ...’ ಎಂದ ಕೂಡಲೇ ಏಸಿಯನ್ನೂ ಎರಡು ಡಿಗ್ರಿ ಏರಿಸುತ್ತಾನೆ. ಸಭಿಕರೆಲ್ಲ ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳತೊಡಗುತ್ತಾರೆ. “ಏನಯ್ಯಾ ಇದು ಸೆಕೆ?” ಎಂದು ಮ್ಯಾನೇಜರು ಗದರಿದರೆ, “ಭಾಷಣ ಮೈಗೆ ಹತ್ಲಿ ಅಂತ, ಸಾರ್!” ಎಂದು ಕಣ್ಣರಳಿಸುತ್ತಾನೆ. ಅವನು ಹಾಗೆ ಏರಿಸಿದಾಗಲೆಲ್ಲ ಏಸಿ ಹಿಂದಿನ ಓಣಿಗೆ ಬಿಸಿಗಾಳಿ ಉಗುಳುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆ ಗಾಳಿ ನೇರವಾಗಿ ಬಡಿಯುವ ಕಿಟಕಿಯೊಳಗೆ ಅವನ ಮೂರು ತಿಂಗಳ ಮಗಳು ಅಳು ನಿಲ್ಲಿಸಿ ನಿದ್ದೆಗೆ ಜಾರುತ್ತಾಳೆ.