ತಿಂಡಿ ಡಬ್ಬಿಯ ಮಣ್ಣು

ನಮ್ಮ ಯಜಮಾನರ ಹೆಸರನ್ನ ನಾನು ಬಾಯಲ್ಲಿ ಯಾವತ್ತೂ ಹೇಳಿದವಳಲ್ಲ. ಬರೆದರೆ ದೋಷವಿಲ್ಲ ಅಂತ ಮೊಮ್ಮಗಳು ಹೇಳಿದಳು. ಲಕ್ಕಣ್ಣ. ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಹಿಂದೆ ಆಗ ಒಂದು ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿ ಮಣ್ಣು ಕಲಸೋ ಮಿಷನ್ನಿನ ಹತ್ತಿರ ಹನ್ನೊಂದು ವರ್ಷ ನಿಂತವರು. ಮಾತು ಬಲು ಕಮ್ಮಿ. "ಬಾವಿಗೆ ಬಿದ್ದ ಕೊಡ ತೆಗೀಬೋದು, ಇವನ ಬಾಯಿಂದ ಮಾತು ತೆಗೆಯಾಕಾಗಕಿಲ್ಲ" ಅಂತಿದ್ರು ನಮ್ಮತ್ತೆ, ಹೆತ್ತ ತಾಯಿಯೇ. ಐವತ್ತೆಂಟನೇ ಇಸವಿಯಲ್ಲಿ ಆ ಮೌನದಿಂದಲೇ ಅವರ ಕೆಲಸ ಹೋಯಿತು.

ಆಗ ನನಗೆ ಮೂರು ತಿಂಗಳು. ಅದಕ್ಕೆ ಮುಂಚೆ ಒಂದು ಬಸುರು ನಿಂತಿರಲಿಲ್ಲ. ಹಾಗಾಗಿ ಅತ್ತೆ, "ಐದು ತುಂಬೋಗಂಟ ಈ ಇಸ್ಯ ಒಸ್ಲು ದಾಟಬಾರ್ದು, ಕಣ್ಣು ಬೀಳ್ತದೆ" ಅಂತ ಮಗನ ಕೈಲಿ ದೇವರ ಮುಂದೆ ಆಣೆ ಇಡಿಸಿದ್ದರು.

ನನ್ನ ಬಯಕೆಯೋ, ಹುಣಸೆಕಾಯಿ ಬೇಡ, ಮಾವಿನಕಾಯಿ ಬೇಡ. ಅವರ ಅಂಗಿ ಒಗೆಯೋಕೆ ಕೂತರೆ ತೋಳಿಗೆ ಅಂಟಿದ ಒಣಮಣ್ಣನ್ನ ಉಗುರಲ್ಲಿ ಕೆರೆದು ಬಾಯಿಗೆ ಹಾಕ್ಕೋತಿದ್ದೆ. ಒಂದಿನ ಅವರು ನೋಡಿಬಿಟ್ಟರು. ಮಾರನೇ ಸಾಯಂಕಾಲ ತಿಂಡಿ ಡಬ್ಬಿ ತೆಗೆದರೆ ಒಳಗೆ ನಿಂಬೆಹಣ್ಣಿನಷ್ಟು ಮಣ್ಣಿನ ಉಂಡೆ. ಕೆರೆ ಏರಿಯಲ್ಲಿ ಮಣ್ಣಿಗೇನು ಬರವಿರಲಿಲ್ಲ. ಆದರೆ ಮಿಷನ್ನಲ್ಲಿ ನುರಿದ ಮಣ್ಣು ಬೆಣ್ಣೆ ಹಂಗಿರ್ತದೆ, ಹಲ್ಲಿಗೆ ಒಂದು ಮರಳು ಸಿಗೋದಿಲ್ಲ.

ಅದೇ ತಿಂಗಳು ಕಾರ್ಖಾನೆಯಲ್ಲಿ ಹಿತ್ತಾಳೆ ಸಾಮಾನು ಕಾಣೆಯಾಗ್ತಿತ್ತು. ಗೇಟಲ್ಲಿ ಎಲ್ಲರ ಡಬ್ಬಿ ತೆಗೆಸೋಕೆ ಶುರು ಮಾಡಿದರು. ಇವರು ಮೂರನೇ ಸಲ ಮಣ್ಣು ತರುವಾಗ ಸಿಕ್ಕಿಬಿದ್ದರು. ಒಳಗೆ ಹಿತ್ತಾಳೆ ಅಡಗಿಸಿದ್ದಾನೆ ಅಂತ ಮ್ಯಾನೇಜರು ಉಂಡೆಯನ್ನ ಎರಡು ಹೋಳು ಮಾಡಿಸಿದ. ಬರೀ ಮಣ್ಣು.

"ಮಣ್ಣು ಯಾಕೋ ನಿಂಗೆ?"

ಇವರು ಖಾಲಿ ಡಬ್ಬಿಗೆ ಮುಚ್ಚಳ ಹಾಕಿಕೊಂಡರು.

"ಇವತ್ತು ದಾರಿ ನೋಡ್ಕೊಂಡಿದ್ದಾನೆ, ನಾಳೆ ಹಿತ್ತಾಳೆ ತುಂಬ್ತಾನೆ" ಅಂತ ಮ್ಯಾನೇಜರು ಗೇಟಲ್ಲೇ ಕೆಲಸದಿಂದ ತೆಗೆದು ಕಳಿಸಿದ.

ಯೂನಿಯನ್ನಿನ ತಾಜುದ್ದೀನ್ ಸಾಹೇಬರು ಮನೆಗೆ ಬಂದರು. "ಕೇಳದೆ ತೆಗೆಯೋಕೆ ಬರಲ್ಲ ಕಣಮ್ಮ. ಇಂಥಾ ತಪ್ಪು ಅಂತ ಕಾಗದದಲ್ಲಿ ಕೊಡ್ಬೇಕು, ಇವನು ಹೇಳೋದನ್ನ ಬರ್ಕೋಬೇಕು, ಆಮೇಲೆ ತೀರ್ಮಾನ. ಹಟ ಹಿಡಿದು ನಾಡಿದ್ದು ವಿಚಾರಣೆ ಇಡಿಸಿದ್ದೀನಿ. ಆದ್ರೆ ಈ ಪುಣ್ಯಾತ್ಮ ನನ್ ಹತ್ರಾನೂ ಬಾಯಿ ಬಿಡ್ತಿಲ್ಲ."

ವಿಚಾರಣೆ ಅಂದರೆ ಪೊಲೀಸರು ಹೊಡೆಯೋದು ಅಂತಲೇ ನಾನು ತಿಳಿದಿದ್ದೆ. ಬರೀ ಕೇಳೋದಕ್ಕೇ ಒಂದು ದಿನ ಇಡ್ತಾರಾ? ಯಾರು ಕೇಳ್ತಾರೆ, ಹೇಗೆ ಕೇಳ್ತಾರೆ? ಎರಡು ದಿನ ಅದೇ ಯೋಚನೆ. ಆಮೇಲೆ ಹೊಳೆಯಿತು: ಆಣೆ ಇಟ್ಟಿದ್ದು ಅವರು, ನಾನಲ್ಲ.

ಸೊಪ್ಪಿಗೆ ಹೋಗ್ತೀನಿ ಅಂತ ಅತ್ತೆಗೆ ಹೇಳಿ ಕಾರ್ಖಾನೆಗೆ ಹೋದೆ. ಪೇಟೆ ಆಫೀಸಿನಿಂದ ಸುಬ್ರಹ್ಮಣ್ಯಯ್ಯ ಅನ್ನೋ ದೊಡ್ಡವರು ವಿಚಾರಣೆ ಮಾಡೋಕೆ ಬಂದು ಕೂತಿದ್ದರು. ಮೇಜಿನ ಮೇಲೆ ಪೇಪರು ಹಾಸಿ ನನ್ನ ಉಂಡೆಯ ಎರಡು ಹೋಳು ಇಟ್ಟಿದ್ದರು, ದೇವರ ಮುಂದೆ ತೆಂಗಿನಕಾಯಿ ಇಟ್ಟ ಹಾಗೆ.

"ಆ ಮಣ್ಣು ನನಗೆ ತಂದಿದ್ದು ಸ್ವಾಮಿ. ನಾನು ಬಸುರಿ. ತಿನ್ನೋಕೆ."

ಗಂಡಸರೆಲ್ಲ ನೆಲ ನೋಡಿದರು. ಇವರು ಮಾತ್ರ ನನ್ನನ್ನೇ ನೋಡ್ತಿದ್ದರು.

ಮ್ಯಾನೇಜರು ನಕ್ಕ. "ಮಣ್ಣು ತಿಂತಾರಾ ಸಾರ್? ಯಾರೋ ಹೇಳಿಕೊಟ್ಟು ಕಳ್ಸಿದ್ದಾರೆ."

ನಾನು ಕೈ ಚಾಚಿ ಒಂದು ಹೋಳಿಂದ ಚೂರು ಮುರಿದು ಬಾಯಿಗೆ ಹಾಕ್ಕೊಂಡೆ. ಒಣಗಿತ್ತು, ಕಟುಂ ಅಂತು.

"ಅಯ್ಯೋ ತಾಯಿ, ಸಾಕ್ಷೀನೇ ತಿಂದ್ಬಿಟ್ಯಲ್ಲ" ಅಂದರು ತಾಜುದ್ದೀನ್ ಸಾಹೇಬರು.

ಸುಬ್ರಹ್ಮಣ್ಯಯ್ಯನವರು ಪೆನ್ನು ಕೆಳಗಿಟ್ಟರು. "ಹೇಗಿರುತ್ತಮ್ಮ ಅದು?"

"ಮೊದಲ ಮಳೆಗೆ ನೆಲದಿಂದ ವಾಸನೆ ಏಳ್ತದಲ್ಲ ಸ್ವಾಮಿ, ಅದನ್ನ ಅಗಿದಂಗೆ."

ಅವರು ನಮ್ಮವರ ಕಡೆ ತಿರುಗಿದರು. "ಇದನ್ನ ಗೇಟಲ್ಲೇ ಹೇಳೋಕೇನಾಗಿತ್ತಯ್ಯ?"

"ಆಣೆ ಇತ್ತು ಸಾರ್."

ಅಷ್ಟನ್ನೂ ಬರೆದುಕೊಂಡರು. ಕೇಳದೆ ತಂದಿದ್ದು ತಪ್ಪೇ, ಅದಕ್ಕೆ ಎಂಟು ದಿನ ಕೆಲಸಕ್ಕೆ ಬರೋ ಹಾಗಿಲ್ಲ. ಆದರೆ ಅನ್ನ ಕೀಳುವಂಥ ತಪ್ಪಲ್ಲ, ಕೆಲಸ ವಾಪಸ್ ಕೊಡಿ ಅಂತ ತೀರ್ಮಾನವಾಯಿತು.

ಹಿತ್ತಾಳೆ ಕದ್ದವನು ಮಾರನೇ ವರ್ಷ ಸಿಕ್ಕಿದ, ಅದೂ ಹೇಳಿಬಿಡ್ತೀನಿ. ಎಲ್ಲರ ಡಬ್ಬಿ ನೋಡ್ತಿದ್ದ ಗೇಟಿನ ಪಿಳ್ಳಪ್ಪನೇ. ಜನ ಹೊಡೆದು ಓಡಿಸೋಕೆ ಹೊರಟರೆ ನಮ್ಮವರು ಅಡ್ಡ ನಿಂತು, "ಮೊದ್ಲು ಅವನನ್ನ ಕೇಳ್ರಪ್ಪ" ಅಂದರಂತೆ. ಕೇಳಿದರು, ಒಪ್ಪಿಕೊಂಡ, ಕೆಲಸ ಹೋಯಿತು. ತಾಜುದ್ದೀನ್ ಸಾಹೇಬರೂ ತಕರಾರು ಮಾಡಲಿಲ್ಲ.

ಆ ಎಂಟು ದಿನ ಕಳೆದು ಇವರು ಕೆಲಸಕ್ಕೆ ಹೋದ ಸಾಯಂಕಾಲ ಡಬ್ಬಿ ಜೊತೆ ಗೇಟಲ್ಲಿ ತೋರಿಸೋಕೆ ಕಾರ್ಖಾನೆಯಿಂದ ಬರೆಸಿಕೊಂಡ ಚೀಟಿಯನ್ನೂ ಕೊಟ್ಟರು. "ಲಕ್ಕಣ್ಣ, ಮಣ್ಣಿನ ಉಂಡೆ ಒಂದು, ಬಿಡುವುದು" ಅಂತ ಬರೆದು, ರುಜು, ಮೊಹರು. ಡಬ್ಬಿ ತೆಗೆದೆ. ಮೂಗಿನ ಹತ್ತಿರ ತಂದೆ. ವಾಕರಿಕೆ ಬಂತು.

"ಬೇಡ್ವಾ?"

"ಬೇಡ. ಮೊನ್ನೆಯಿಂದ ಆ ಬಯಕೆ ಹೋಯ್ತು."

"ಇಷ್ಟೆಲ್ಲಾ ಆದ್ಮೇಲೆ?" ಅಂದು ಗೋಡೆಗೆ ಒರಗಿ ನಕ್ಕರು, ಕಣ್ಣಲ್ಲಿ ನೀರು ಬರೋ ಹಾಗೆ. ಅವರು ಅಷ್ಟು ನಕ್ಕಿದ್ದನ್ನ ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಊರೆಲ್ಲ ಸಾರಿ ಬಂದಳು ಅಂತ ವಾರದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದ ಅತ್ತೆ, ಎದ್ದು ಬಂದು ಉಂಡೆ ಕಿತ್ತುಕೊಂಡು ಬಚ್ಚಲ ಒಲೆಯ ಬಿರುಕಿಗೆ ಮೆತ್ತಿದರು. ಆರು ತಿಂಗಳ ಮೇಲೆ ನನ್ನ ಬಾಣಂತನದ ನೀರು ಆ ಒಲೆಯ ಮೇಲೇ ಕಾದಿದ್ದು.