ನಾರಾಯಣಪೇಟೆಯ ಜಪಾನಿ ಕಾದಂಬರಿಕಾರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಮನೆಗೆ ಬಂದ ಪೊಲೀಸ್ ಅಮೀನರ ಮೀಸೆಯನ್ನು ನಾನೇ ಕಂಡೆನೋ, ಮನೆಯವರ ಮಾತಿನಲ್ಲಿ ಅದು ಬೆಳೆಯಿತೋ, ಈಗ ಹೇಳಲಾರೆ.

ನಮ್ಮ ಕಾಕಾ ಜಪಾನಿನ ಹೆಸರಾಂತ ದೆವ್ವದ ಕಾದಂಬರಿಕಾರರಾಗಿದ್ದರು. ಮಕ್ತಲ್ ದಾಟಿ ರಾಯಚೂರಿನವರೆಗೆ ಹೋದದ್ದೇ ಅವರ ದೂರಪ್ರಯಾಣ. "ನಾರಾಯಣಪ್ಯಾಟ್ಯಾಗ ಕುಂತು ಬರದ್ರ ಯಾರು ಹೆದರ್ತಾರ್ರೀ?" ಎಂದು ಅಲ್ಲಿನ ಮುದ್ರಕ ಕೇಳಿದ್ದರಿಂದ ಪುಸ್ತಕದ ಮೇಲೆ ಒಬ್ಬ ಜಪಾನಿಯ ಹೆಸರು ಬಿತ್ತು. ಅದರ ಕೆಳಗೆ ಅನುವಾದಕರೆಂದು ಕಾಕಾರ ಹೆಸರು. ಆ ಜಪಾನಿನ ದೆವ್ವಗಳು ಮಗ್ಗದ ಕುಣಿಯಲ್ಲಿ ಕೂತು ಜೋಳದ ರೊಟ್ಟಿ ಕೇಳುತ್ತಿದ್ದವು, ವಿಭೂತಿ ಕಂಡರೆ ಓಡುತ್ತಿದ್ದವು. ಜಪಾನೀಯರೂ ಶಿವಭಕ್ತರೆಂದು ಗದ್ವಾಲದ ಓದುಗರು ಸಂತೋಷಪಟ್ಟರು.

ಕಾಕಾರ ಹೆಂಡತಿ, ನಮ್ಮ ಚಿಗವ್ವ, ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಾ ನಮಗೆ ಇವೇ ದೆವ್ವಗಳ ಕತೆ ಹೇಳುತ್ತಿದ್ದಳು. ಪುಸ್ತಕ ಬರುವ ಮೊದಲೋ, ಬಂದ ಮೇಲೋ? ಮೊದಲೇ ಎಂದು ನನ್ನ ನೆನಪು. ಅದು ನೆನಪಾಗಿರದೆ ನನ್ನ ಆಸೆಯೇ ಆಗಿರಬಹುದು. ಪುಸ್ತಕದಲ್ಲಂತೂ ಅವಳ ಹೆಸರಿಗೆ ಜಾಗವಿರಲಿಲ್ಲ.

ಅಷ್ಟರಲ್ಲಿ ಬ್ರಿಟಿಷರಿಗೂ ಜಪಾನಿಗೂ ಯುದ್ಧ ಹತ್ತಿತು. ನಮ್ಮ ಸೀಮೆಯನ್ನು ಆಳುತ್ತಿದ್ದ ನಿಜಾಮರು ಬ್ರಿಟಿಷರ ಕಡೆ. ಹಾಗಾಗಿ ಅಮೀನರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು.

"ಎಲ್ಲಿ ಅದಾನ್ರೀ ನಿಮ್ಮ ಜಪಾನಿ? ಹೊರಗ ಕರೀರಿ."

"ಅಂಥಾವ ಯಾರೂ ಇಲ್ರೀ ಸಾಹೇಬ್ರ," ಎಂದರು ಕಾಕಾ.

"ಮತ್ತ ಬರದಾವ್ರು ಯಾರು? ನೀವಾ? ಜೈಲಿಗೆ ಹೋಗಾಕ ತಯಾರದೀರೇನು?"

ಇಷ್ಟು ವರ್ಷ ಕೀರ್ತಿಯನ್ನು ಒಬ್ಬರೇ ಹೊತ್ತಿದ್ದ ಕಾಕಾ ಆ ಕ್ಷಣ ಮಹಾ ಉದಾರಿಗಳಾದರು. "ನಾ ಅಲ್ರೀ. ಎಲ್ಲಾ ನಮ್ಮ ಮನಿಯಾಕಿ ಹೇಳಿದ್ದು. ನಾ ಬರಕೊಂಡೀನಿ, ಅಷ್ಟ."

ಒಳಗೆ ರಾಟೆ ನಿಂತಿತು.

ಅಮೀನರು ನಕ್ಕುಬಿಟ್ಟರು. "ಹೆಂಗಸು ದೆವ್ವ ಆಗ್ತಾಳ್ರೀ, ದೆವ್ವದ ಕತಿ ಕಟ್ಟಂಗಿಲ್ಲ." ಬರೆದವರು ಯಾರೂ ಇಲ್ಲ ಎಂದು ಉರ್ದುವಿನಲ್ಲಿ ಗೀಚಿಕೊಂಡು, ಚಹಾ ಕುಡಿದು ಹೋದರು. ಸರಕಾರದ ಕಾಗದದಲ್ಲಿ ಆ ಕತೆಗಳು ತಾವಾಗಿಯೇ ಹುಟ್ಟಿದವು.

ಕಾಕಾ ಆಮೇಲೆ ಒಂದು ಸಾಲೂ ಬರೆಯಲಿಲ್ಲ. "ಅವತ್ತು ಬಚಾವಾಗಾಕ ಏನೋ ಅಂದೆ," ಎಂದು ಬೀಗರ ಮುಂದೆಲ್ಲ ನಗುತ್ತಿದ್ದರು. ಚಿಗವ್ವ ಅವರಿಗೆ ಚಹಾ ತಂದುಕೊಡುತ್ತಿದ್ದಳು.

ಹೈದರಾಬಾದಿನಲ್ಲಿ ಪದವಿ ಮುಗಿಸಿ ಬಂದವಳಾದ ನನಗೆ, ಆ ಕತೆಗಳು ಯಾರವೆಂಬುದಕ್ಕೆ ಸಾಕ್ಷ್ಯ ಬೇಕೆನಿಸಿತು. ಕಾಕಾ ಊಟಕ್ಕೆ ಕೂತಿದ್ದಾಗ ಅವರೆದುರಿಗೇ ಕೇಳಿದೆ. ಅವರ ಕೈ ತುತ್ತಿನ ಮೇಲೇ ನಿಂತಿತು. ಚಿಗವ್ವ ರೊಟ್ಟಿ ಬಡಿಸಿದಳೇ ಹೊರತು ಬಾಯಿ ಬಿಡಲಿಲ್ಲ, ಇವತ್ತಿನವರೆಗೂ ಬಿಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಗವ್ವ, ಕಾಕಾ ಅಮೀನಗ ಹೇಳಿದ್ದು ಖರೇನ?"